ಗಿಣಿ ಹಾಕಿದ ಕುಲಾವಿ

ಅತ್ತಿಗೆ ಜಗಳೂರಿನಿಂದ ನ್ಯಾಮತಿಯ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅವಳ ಟ್ರಂಕಿನಲ್ಲಿ ಸೀರೆಗಳ ಮೇಲೆ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದರೊಳಗೆ ಬಣ್ಣಬಣ್ಣದ ದಾರದ ಲಡಿಗಳು, ಸೂಜಿ ಚುಚ್ಚಿಟ್ಟ ಬಟ್ಟೆಯ ಚೂರು, ಕಸೂತಿಗೆ ಬಟ್ಟೆ ಬಿಗಿಯುವ ಮರದ ರಿಂಗು.

ಮಧ್ಯಾಹ್ನ ಮುಸುರೆ ತಿಕ್ಕಿ ಮುಗಿಸಿದ ಮೇಲೆ ಅವಳು ಹಿತ್ತಲ ಬಾಗಿಲ ಬಳಿ ಬೆಳಕಿಗೆ ಮುಖ ಮಾಡಿ ಕೂರುತ್ತಿದ್ದಳು. ರಜೆಯ ದಿನ ನಾನೂ ಪಕ್ಕದಲ್ಲಿರುತ್ತಿದ್ದೆ. ಸರಪಳಿ ಹೊಲಿಗೆ ನನಗೆ ಬಂದದ್ದು ಅಲ್ಲೇ. ದಾರ ಗಂಟುಬಿದ್ದರೆ ನಾನು ಸಿಟ್ಟಿನಿಂದ ಜಗ್ಗುತ್ತಿದ್ದೆ.

"ಎಳಿಬ್ಯಾಡವ್ವ, ಎಳೆದಷ್ಟೂ ಬಿಗಿಯಾಗ್ತೈತೆ. ಇತ್ತಾಗ್ ಕೊಡು," ಎಂದು ಇಸಿದುಕೊಂಡು ಸೂಜಿಯ ಮೊನೆಯಿಂದ ಬಿಡಿಸುತ್ತಿದ್ದಳು. ಗಂಟು ಸಡಿಲಾದರೆ ಅವಳಿಗೆ ಮಕ್ಕಳ ಹಾಗೆ ಖುಷಿ.

ದಿಂಬಿನ ಚೀಲಕ್ಕೆ ಹೂವಾಯಿತು, ರೇಡಿಯೋ ಹೊದಿಕೆಗೆ ನವಿಲಾಯಿತು. ಅವಳು ಬಸುರಿಯಾದಾಗ ಎಳೆಹಸಿರು ದಾರ ಆರಿಸಿ, "ಕೂಸಿಗೆ ಒಂದು ಕುಲಾವಿ ಮಾಡಾಣ, ಗಿಣಿ ಹಾಕಿ," ಎಂದಳು. ಅವ್ವ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿದಳು.

"ಹುಟ್ಟೋಕೂ ಮುಂಚೆ ಕೂಸಿಗೆ ಹೊಸ ಬಟ್ಟೆ ಹೊಲಿಬಾರ್ದು. ಹುಟ್ಟಲಿ, ಆಮ್ಯಾಲೆ ಎಷ್ಟಾರ ಹೊಲ್ಕಾ."

ಹಸಿರು ದಾರ ಡಬ್ಬಿಗೆ ಹೋಯಿತು. ಆದರೆ ಹೆರಿಗೆಗೆ ತವರಿಗೆ ಹೋಗುವಾಗ ಡಬ್ಬಿಯೂ ಅವಳ ಜೊತೆ ಬಸ್ಸು ಹತ್ತಿತು.

ಗಂಡು ಮಗು ಹುಟ್ಟಿತು. ಹೆಸರಿಡುವುದಕ್ಕೂ ಮೊದಲೇ ಜ್ವರ ಬಂದು ತೀರಿಕೊಂಡಿತು. ಸುದ್ದಿ ತಿಳಿದು ನಾನೂ ಅವ್ವನೂ ಜಗಳೂರಿಗೆ ಹೋದಾಗ ಮಣ್ಣು ಮಾಡಿಯಾಗಿತ್ತು. ಅತ್ತಿಗೆ ಗೋಡೆಗೆ ಒರಗಿ ಕೂತಿದ್ದಳು. ಮಡಿಲಲ್ಲಿ ಒಂದು ಪುಟ್ಟ ಕುಲಾವಿ, ಅದರ ಮೇಲೆ ಎದುರುಬದುರಾಗಿ ಎರಡು ಹಸಿರು ಗಿಣಿಗಳು. ಅವ್ವ ಅದನ್ನು ನೋಡಿದಳು. ಸೊಸೆಯ ತಲೆಯನ್ನು ಎದೆಗೊತ್ತಿಕೊಂಡು ಅತ್ತಳು.

ಕೆಲವು ತಿಂಗಳ ಮೇಲೆ ಅತ್ತಿಗೆ ನ್ಯಾಮತಿಗೆ ಬಂದಳು. ಒಂದು ಸಂಜೆ ನೆರೆಮನೆಯಾಕೆ ಜಗಲಿಯಲ್ಲಿ ಕೂತು, "ಏನಾಗಿತ್ತಂತ್ರೀ ಕೂಸಿಗೆ?" ಎಂದು ಅವ್ವನನ್ನು ಕೇಳಿದಳು.

"ಹೊಲಿಬ್ಯಾಡ ಅಂತ ಬಡ್ಕಂಡೆ. ನನ್ನ ಮಾತು ಯಾರು ಕೇಳ್ತಾರೆ?"

ಅತ್ತಿಗೆ ಬಾಗಿಲ ಹಿಂದೆ ಕಾಫಿಯ ಲೋಟ ಹಿಡಿದು ನಿಂತಿದ್ದಳು. ನಾನು ಅವಳ ಮುಖ ನೋಡಿದೆ. ಅವಳು ಹೊರಗೆ ಬಂದು, ಇಬ್ಬರ ಮುಂದೆಯೂ ಲೋಟವಿಟ್ಟು ಒಳಗೆ ಹೋದಳು. ಸೊಸೆ ಕೇಳಿಸಿಕೊಂಡದ್ದು ಅವ್ವನಿಗೆ ಆಗಲೇ ಗೊತ್ತಾಗಿರಬೇಕು. ಕಾಫಿ ಆರಿ ತಣ್ಣಗಾಯಿತು.

ಅಂದಿನಿಂದ ಅತ್ತಿಗೆ ಕಸೂತಿ ಮುಟ್ಟಲಿಲ್ಲ. ಒಮ್ಮೆ ಹೊನ್ನಾಳಿ ಸಂತೆಗೆ ಹೋದ ಅವ್ವ ಗುಲಾಬಿ, ಹಳದಿ ಲಡಿಗಳನ್ನು ತಂದು ಅವಳ ಮುಂದಿಟ್ಟಳು. ಅವ್ವ ಅಂಥದ್ದನ್ನು ಕೊಂಡದ್ದು ನಾನು ಬೇರೆ ಯಾವತ್ತೂ ಕಂಡಿಲ್ಲ.

"ನೋಡವ್ವ, ಬಣ್ಣ ಚಲೋ ಅದಾವೆ."

"ಇಡ್ರಿ ಅತ್ತೇರೆ, ಆಮ್ಯಾಲೆ ನೋಡ್ತೀನಿ," ಎಂದಳು ಅತ್ತಿಗೆ. ಅವು ಗೂಡಿನಲ್ಲೇ ಧೂಳು ಹಿಡಿದವು. ಹರಿದದ್ದಕ್ಕೆ ತೇಪೆ, ಸೀರೆಗೆ ಫಾಲ್ಸ್, ಕುಪ್ಪಸಕ್ಕೆ ಹುಕ್ಕು: ಇಷ್ಟನ್ನು ಮಾತ್ರ ಹೊಲಿಯುತ್ತಿದ್ದಳು. ಕೈಗೆ ಮೊದಲಿನ ಚುರುಕೇ ಇತ್ತು. ಆದರೆ ಮುಗಿದ ಮೇಲೆ ದೂರ ಹಿಡಿದು, ತಲೆ ಓರೆ ಮಾಡಿ ನೋಡುತ್ತಿದ್ದಳಲ್ಲ, ಅದು ನಿಂತುಹೋಗಿತ್ತು. ಇನ್ನೊಂದು ಮಗುವೂ ಆಗಲಿಲ್ಲ.

ನನ್ನನ್ನು ಚನ್ನಗಿರಿಗೆ ಕೊಟ್ಟರು. ಮಧ್ಯಾಹ್ನ ನಾನೊಬ್ಬಳೇ ರಿಂಗು ಹಿಡಿದು ಕೂರುತ್ತಿದ್ದೆ. ಎಲೆ ಚೆನ್ನಾಗಿ ಬಂದರೆ ತೋರಿಸಲು ಪಕ್ಕಕ್ಕೆ ತಿರುಗುತ್ತಿದ್ದೆ, ಯಾರೂ ಇರುತ್ತಿರಲಿಲ್ಲ.

ಕೆಲವು ವರ್ಷಗಳ ನಂತರ ಅವ್ವನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ನಾನು ನೋಡಲು ಹೋದ ದಿನ ಅತ್ತಿಗೆ ಮಂಚದ ಪಕ್ಕದಲ್ಲಿ ಕೂತು ಅವ್ವನ ಕುಪ್ಪಸದ ತೋಳಿನ ಹೊಲಿಗೆ ಬಿಚ್ಚಿ, ಸುಲಭವಾಗಿ ತೊಡಿಸಲೆಂದು ಲಾಡಿ ಹೊಲಿಯುತ್ತಿದ್ದಳು. ಅವ್ವ ಬಹಳ ಹೊತ್ತು ಅವಳ ಕೈಯನ್ನೇ ನೋಡುತ್ತಿದ್ದಳು.

"ಆವತ್ತು ಜಗಲಿ ಮ್ಯಾಲೆ ನಾನು ಆ ಮಾತು ಆಡಬಾರ್ದಿತ್ತು ಕಣವ್ವ," ಎಂದಳು ತೊದಲುತ್ತ.

ಅತ್ತಿಗೆಯ ಸೂಜಿ ಒಂದು ಗಳಿಗೆ ನಿಂತಿತು.

"ಯಾವ ಮಾತು ಅತ್ತೇರೆ? ನಂಗೇನೂ ನೆಪ್ಪಿಲ್ಲ. ಕೈ ಕೊಡ್ರಿ, ಸರಿ ಐತಾ ನೋಡಾಣ."

ಆ ಕೈಯನ್ನು ಅವಳೇ ಎತ್ತಿ ತೋಳಿಗೆ ತೂರಿಸಿದಳು. ಅವ್ವ ಅಳುತ್ತಿದ್ದಳು. ಅತ್ತಿಗೆ ಲಾಡಿ ಕಟ್ಟಿ, ಮಿಕ್ಕ ದಾರವನ್ನು ಹಲ್ಲಿನಿಂದ ಕಡಿದು, ಒಲೆ ನೋಡಲು ಒಳಗೆ ಹೋದಳು.