ಮಹಡಿಯ ಮೇಲಿನ ಬೀದಿ

ಪರದೇಶದ ನಗರದಂಚಿನ ಬಡಾವಣೆ ಕೆಲ್ಲಿವಿಲ್‌ನ ಹೊಸ ಮನೆಗೆ ಬಂದ ಮೊದಲ ವಾರ ಇಡಾ ಪ್ರತಿ ಸಂಜೆ ಮುಂಬಾಗಿಲು ತೆರೆದಿಟ್ಟಳು. ಯಾರೂ ಹಾದುಹೋಗಲಿಲ್ಲ. ಕಾರು ಬರುತ್ತಿತ್ತು, ಗ್ಯಾರೇಜಿನ ಬಾಗಿಲು ತಾನಾಗಿ ಮೇಲೇರಿ, ಕಾರನ್ನು ನುಂಗಿ ಮುಚ್ಚಿಕೊಳ್ಳುತ್ತಿತ್ತು. ನಾಲ್ಕು ಬೆಡ್‌ರೂಮಿನ ಮನೆ, ಹಿಂದೆ ಹುಲ್ಲಿನ ಅಂಗಳ, ಸುತ್ತಲೂ ಆಳೆತ್ತರದ ತಗಡಿನ ಬೇಲಿ. "ಇನ್ನೆಂತ ಬೇಕು ನಿಂಗೆ?" ಎಂದು ಗಂಡ ಆಲ್ರಾಯ್ ಕೇಳುತ್ತಿದ್ದ.

ಮದುವೆಯಾದ ಹೊಸದರಲ್ಲಿ ಆಲ್ರಾಯ್ ರೋಟರ್‌ಡ್ಯಾಮ್ ಬಂದರಿನಲ್ಲಿ ಹಡಗು ರಿಪೇರಿಯ ಕೆಲಸದಲ್ಲಿದ್ದ. ಆಗ ಅವರಿಬ್ಬರೂ ಇದ್ದದ್ದು ಹಳೆಯದೊಂದು ಇಟ್ಟಿಗೆಯ ವಠಾರದಲ್ಲಿ. ಎರಡೇ ಕೋಣೆ, ಸೋರುವ ನಲ್ಲಿ. ಆದರೆ ಬಾಗಿಲು ತೆರೆದರೆ ಮೂರನೆಯ ಮಹಡಿಯಲ್ಲೊಂದು ಬೀದಿ! ಮನೆಯಿಂದ ಮನೆಗೆ ವಠಾರದ ಉದ್ದಕ್ಕೂ ಹಾಯುವ ಅಗಲವಾದ ಮೊಗಸಾಲೆ. ಅಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಿದ್ದರು, ಮೊರೊಕ್ಕೊದ ಹೆಂಗಸರು ಕಂಬಳಿ ಕೊಡವುತ್ತಿದ್ದರು.

ಪಕ್ಕದ ಮನೆಯ ಭಾಗೀರಥಿ, ಹಿಂದೆ ಡಚ್ಚರ ವಸಾಹತಾಗಿದ್ದ ಸುರಿನಾಮಿನವಳು. ಅವಳ ಮುತ್ತಜ್ಜಿಯನ್ನು ಬಿಹಾರದಿಂದ ಅಲ್ಲಿನ ಕಬ್ಬಿನ ತೋಟಕ್ಕೆ ಕರೆದೊಯ್ದಿದ್ದರಂತೆ. ಅವಳ ಹಿಂದಿ, ಇಡಾಳ ಹಿಂದಿ ಎರಡೂ ಕುಂಟುತ್ತಲೇ ಜೊತೆಗೆ ನಡೆಯುತ್ತಿದ್ದವು.

"ಇದು ಬಂದರಿನ ಕೂಲಿಗಳಿಗೆ ಅಂತಲೇ ನಗರಸಭೆ ಕಟ್ಟಿಸಿದ್ದು ಬೇಟಿ," ಎಂದಿದ್ದಳು ಭಾಗೀರಥಿ ಬಟಾಣಿ ಸುಲಿಯುತ್ತ. "ಬಡವನಿಗೆ ಸೂರು ಕೊಟ್ಟರೆ ಸಾಲದು, ಬಿಸಿಲೂ ಬೇಕು, ಅಕ್ಕಪಕ್ಕದವರ ಮುಖವೂ ಕಾಣಬೇಕು ಅಂತ ಕಟ್ಟಿದವರ ಆಸೆ. ಆ ಕಾಲಕ್ಕೆ ಹಾಲಿನವನು ಗಾಡಿಯನ್ನೇ ಲಿಫ್ಟಿನಲ್ಲಿ ಮೇಲಕ್ಕೆ ತರ್ತಿದ್ದನಂತೆ."

ಕೆಲ್ಲಿವಿಲ್‌ನಲ್ಲಿ ಪಕ್ಕದ ಮನೆ ಉಡುಪಿಯ ನಿಶ್ಮಿತಾಳದು. ಮೂರು ವರ್ಷ ಅವರಿಬ್ಬರ ಮಾತುಕತೆ ನಡೆದದ್ದು ಕಸದ ಬಿನ್ ಹೊರಗಿಡುವಾಗ ಮಾತ್ರ. 2007ರ ಡಿಸೆಂಬರಿನಲ್ಲಿ ಬೀಸಿದ ಬಿರುಗಾಳಿಗೆ ನಡುವಿನ ಬೇಲಿ ಮಗುಚಿ ಬಿತ್ತು. ಕ್ರಿಸ್‌ಮಸ್ ರಜೆ, ಬೇಲಿಯವರು ಸಿಗಲಿಲ್ಲ. ಎರಡು ಅಂಗಳ ಒಂದಾಗಿ ಹೋಯಿತು. ಇಡಾಳ ಮಗಳು ರೋಶ್ನಿ ನಿಶ್ಮಿತಾಳ ಮಗ ತುಷಾರನಿಗೆ ಕ್ರಿಕೆಟ್ ಕಲಿಸಿದಳು. ಬೆಳಿಗ್ಗೆ ನಿಶ್ಮಿತಾ ನೈಟಿಯಲ್ಲೇ ದೋಸೆ ತಟ್ಟೆ ಹಿಡಿದು ಬರುವಳು. ಇಡಾ ಕ್ರಿಸ್‌ಮಸ್ ತಿಂಡಿ ಕುಸ್ವಾರಿನ ಡಬ್ಬಿ ಬಿಚ್ಚುವಳು. ಆ ದಿನಗಳಲ್ಲಿ ಇಡಾ ಅಡುಗೆ ಮಾಡುತ್ತ ತನಗೇ ತಿಳಿಯದೆ ಹಾಡಿಕೊಳ್ಳುತ್ತಿದ್ದಳು.

ಜನವರಿಯಲ್ಲಿ ಹೊಸ ತಗಡು ಬಂತು. ಇಡಾ ಧೈರ್ಯ ಮಾಡಿ ನಿಶ್ಮಿತಾಳ ಗಂಡ ಜಯೇಶನನ್ನು ಕೇಳಿದಳು: "ನಡುವೆ ಒಂದು ಸಣ್ಣ ಗೇಟ್ ಇಡಬಹುದಾ?"

ಅವನು ಮುಜುಗರದಿಂದ ನಕ್ಕ. "ನಾವು ನಾವು ಓಕೆ ಆಂಟಿ. ನಾಳೆ ಮನೆ ಸೇಲ್ ಮಾಡುವಾಗ ಗೇಟ್ ನೋಡಿದ್ರೆ ಬೈಯರ್ಸ್ ಬರಲ್ಲ. ಪ್ರೈವೆಸಿ ಕೇಳ್ತಾರೆ."

ನಿಶ್ಮಿತಾ ತುಷಾರನನ್ನು ಒಳಗೆ ಕರೆದಳು. ಮಧ್ಯಾಹ್ನದೊಳಗೆ ಬೇಲಿ ನಿಂತಿತು.

ಆಮೇಲೆ ಇಡಾ ಸಂಜೆ ಗ್ಯಾರೇಜಿನ ಬಾಗಿಲು ಎತ್ತಿ, ಬೀದಿಗೆ ಮುಖ ಮಾಡಿ ಕುರ್ಚಿ ಹಾಕಿ ಕೂರತೊಡಗಿದಳು. "ಮಮ್ಮಿ, ದಿಸ್ ಈಸ್ ಸೋ ಎಂಬ್ಯಾರಸಿಂಗ್!" ಎಂದಳು ರೋಶ್ನಿ. ಒಂದು ಶನಿವಾರ ಮುದುಕನೊಬ್ಬ ಕಾರು ನಿಲ್ಲಿಸಿ ಇಳಿದ. ಮನೆಯ ಹಳೆ ಸಾಮಾನು ಮಾರುವ ಗ್ಯಾರೇಜ್ ಸೇಲ್ ಎಂದುಕೊಂಡಿದ್ದ. ಮಾರಲು ಏನೇನಿದೆ ಎಂದು ಕೇಳಿದ.

"ಏನೂ ಇಲ್ಲ, ಸುಮ್ಮನೆ ಕೂತಿದ್ದೇನೆ. ಟೀ ಕುಡೀತೀರಾ?" ಎಂದಳು ಇಡಾ ಇಂಗ್ಲಿಷಿನಲ್ಲಿ. ಅವನು ಅವಳ ಮುಖ ನೋಡಿದ, ಟೋಪಿ ತೆಗೆದು ನಕ್ಕ, ಹೊರಟುಹೋದ.

ನಿಶ್ಮಿತಾ ಈಗಲೂ ಬರುತ್ತಾಳೆ, ಭಾನುವಾರಗಳಲ್ಲಿ. ಮೊದಲು ಫೋನಿಗೆ ಮೆಸೇಜ್ ಬರುತ್ತದೆ: ಆಂಟಿ, ಫ್ರೀ ಇದ್ದೀರಾ? ಇಡಾ "ಬಾ" ಎಂದು ಬರೆದು ಇನ್ನೊಂದು ಕುರ್ಚಿ ಹಾಕುತ್ತಾಳೆ. ಅವಳು ಬಂದಾಗ ಸಂತೋಷವಾಗುತ್ತದೆ, ನಿಜ. ಆದರೂ ಕೇಳದೆ, ಹೇಳದೆ, ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಯಾರಾದರೂ ಒಳಗೆ ಬಂದುಬಿಡಲಿ ಎಂದು ಇಡಾಳ ಜೀವ ಹಂಬಲಿಸುತ್ತದೆ.