ಹಾಸು ಬಿಚ್ಚಿದ ಕೈ

ಎರಡನೆಯ ಮಹಾಯುದ್ಧದ ಕಾಲ. ಸೈನ್ಯದ ಪಟಾಲಮ್ಮಿಗೆ ಕಂಬಳಿ ಬೇಕೆಂದು ಆರ್ಡರ್ ಬಂದದ್ದರಿಂದ ಮಧುಗಿರಿಯ ನಮ್ಮ ಮಹಿಳಾ ಸಂಘ ಊರ ಹೊರಗೆ ಒಂದು ಕಂಬಳಿ ಷೆಡ್ ತೆರೆಯಿತು. ನಮ್ಮ ಯಜಮಾನರು ಶಾಲೆಯಲ್ಲಿ ಮೇಷ್ಟರು. ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷಿನಲ್ಲಿ ಕಾಗದ ಬರೆಯಬಲ್ಲೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಸೂಪರ್‌ವೈಜರ್ ಮಾಡಿದರು. ಮನೆಯ ಹೊರಗೆ ನಾನು ಮಾಡಿದ ಉದ್ಯೋಗ ಅದೊಂದೇ.

ಉಣ್ಣೆಯ ದಾರವನ್ನು ಮಗ್ಗಕ್ಕೇರಿಸುವ ಮುಂಚೆ ಬಯಲಿನಲ್ಲಿ ಗೂಟದಿಂದ ಗೂಟಕ್ಕೆ ಉದ್ದಕ್ಕೆ ಎಳೆದು ಕಟ್ಟುತ್ತಾರೆ. ಅದೇ ಹಾಸು. ಅದರ ಮೇಲೆ ಹುಣಸೆ ಬೀಜದ ಗಂಜಿ ಬಳಿದು ಬಿಸಿಲಿಗೆ ಬಿಡಬೇಕು. ಒಣಗುವ ಮೊದಲೇ ಸುತ್ತಿದರೆ ಎಳೆಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗುತ್ತವೆ. ಅದನ್ನಾದರೂ ಕೂತು ಬಿಡಿಸಬಹುದು; ಮಳೆಗೆ ಸಿಕ್ಕರೆ ಗಂಜಿ ತೊಳೆದುಹೋಗಿ ಎಲ್ಲವೂ ಸಿಕ್ಕು, ದಾರವೇ ದಂಡ.

ಈ ಕೆಲಸದ ಮುಂದಾಳು ಗಿರಿಯಮ್ಮ. ಐ.ಡಿ.ಹಳ್ಳಿ ಕಡೆಯ ಕುರಿಯವರ ಮನೆಯ ವಿಧವೆ. ಮಗಳೊಂದಿಗೆ ಷೆಡ್ಡಿನ ಹಿಂದಿನ ಕೋಣೆಯಲ್ಲಿದ್ದಳು. ಕೆಲಸ ಹೋದರೆ ಕೋಣೆಯೂ ಹೋಗುತ್ತಿತ್ತು. ನಮ್ಮ ಅಧ್ಯಕ್ಷೆ, ಪೇಟೆಯ ವರ್ತಕರೊಬ್ಬರ ಮಡದಿ, ನೋಡಲು ಬಂದವರೆದುರು "ಎಲ್ಲಾ ಗಿರಿಯಮ್ಮನಿಗೇ ಒಪ್ಪಿಸಿಬಿಟ್ಟಿದೀನಿ" ಎಂದು ನಗುತ್ತಿದ್ದರು. ಬಂದವರು ಗೇಟು ದಾಟುತ್ತಲೇ ದನಿ ಬೇರೆಯಾಗುತ್ತಿತ್ತು. "ಲೇ, ನನ್ನ ಕೇಳ್ದೆ ಒಂದು ಗೂಟ ಮುಟ್ಟಿದ್ಯೋ, ನೋಡ್ಕೊ."

ಒಂದು ಮಧ್ಯಾಹ್ನ ಅಧ್ಯಕ್ಷೆ ಕೊರಟಗೆರೆಗೆ ಮದುವೆಗೆ ಹೋಗಿದ್ದರು. ಬಯಲಿನ ತುಂಬ ಹಸಿ ಹಾಸು. ಬೆಟ್ಟದ ಹಿಂದಿನಿಂದ ಮೋಡ ಕವಿಯಿತು.

"ಮೋಡಕ್ಕೂ ಅಮ್ಮಾವ್ರು ಅಪ್ಪಣೆ ಕೊಡ್ಬೇಕೇನೋ ಕಣ್ರೇ" ಎಂದು ಸಣ್ಣಕ್ಕ ಎಂಬ ಕೆಲಸದವಳು ಕಿಸಕ್ಕನೆ ನಕ್ಕಳು. ಗಿರಿಯಮ್ಮ ನಗಲಿಲ್ಲ. ನನ್ನ ಕಡೆ ತಿರುಗಿ, "ಅಮ್ಮಾ, ಬಿಚ್ಬುಡ್ಲಾ?" ಎಂದಳು.

"ಬಿಚ್ಚಿ" ಎಂದೆ.

ಬಿಚ್ಚಿ, ಸುತ್ತಿ, ಒಳಗೆ ಸೇರಿಸಿದರು. ಮೋಡ ಪಾವಗಡದ ಕಡೆ ಸರಿದುಹೋಯಿತು. ಒಂದು ಹನಿಯೂ ಬೀಳಲಿಲ್ಲ. ಹಾಸೆಲ್ಲ ಹಲಗೆ.

ಮರುದಿನ ಬಂದ ಅಧ್ಯಕ್ಷೆಗೆ ನಾನೇ ಮುಂದೆ ಹೋಗಿ, "ಬಿಚ್ಚಲು ಹೇಳಿದವಳು ನಾನು" ಎಂದೆ.

"ನೀವು ಹೇಳಿರಬಹುದಮ್ಮ. ಬಿಚ್ಚಿದ ಕೈ ಅವಳದು."

ಬಯಲಿನ ನಡುವೆ ಗಿರಿಯಮ್ಮನನ್ನು ಕೂರಿಸಿ, ಅಂಟಿದ ಎಳೆಗಳನ್ನು ಒಂದೊಂದಾಗಿ ಬಿಡಿಸಲು ಹಚ್ಚಿದರು. ಉಳಿದವರು ಸುತ್ತ ನಿಂತು ನೋಡಬೇಕು. ಅಧ್ಯಕ್ಷೆ ಕುರ್ಚಿ ಹಾಕಿಸಿಕೊಂಡು ವೀಳ್ಯದೆಲೆಯ ತೊಟ್ಟು ಮುರಿಯುತ್ತ ಕೂತರು. ಗಿರಿಯಮ್ಮನ ಬೆರಳ ತುದಿ ಸುಲಿದು, ಬಿಳಿಯ ಎಳೆಗಳ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆ ಮೂಡುತ್ತಿತ್ತು. ಆಕೆಯ ಮಗಳು ನೀರು ತಂದರೆ, "ಕೆಲಸ ಮುಗೀಲಿ" ಎಂದು ಚೊಂಬನ್ನು ತಾವೇ ಇಸಿದುಕೊಂಡು ಪಕ್ಕಕ್ಕಿಟ್ಟರು.

ಎಲ್ಲ ಬಿಡಿಸಿದ ಮೇಲೆ ನನ್ನನ್ನು ಕರೆದು, "ನಾಳೆಯಿಂದ ಬರೋದು ಬೇಡ, ಕೋಣೆ ಖಾಲಿ ಮಾಡು ಅಂತ ಅವಳಿಗೆ ಹೇಳಿಬಿಡಿ. ಎಲ್ಲಾ ನಾನೇ ಮಾಡೋಕಾಗುತ್ಯೆ? ನೀವೂ ಒಂದೊಂದೇ ಕಲೀರಿ" ಎಂದರು.

ಬೇಡಿಕೊಂಡೆ. ಅವರು ಸುಣ್ಣದ ಡಬ್ಬಿಯ ಮುಚ್ಚಳ ಹಾಕಿದರು. ಹೋಗಿ ಹೇಳಿದೆ.

ಗಿರಿಯಮ್ಮ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. "ಇದ್ನ ಹೇಳೋಕೆ ನಿಮ್ಮನ್ನ ಕಳ್ಸವ್ರಾ?" ಎಂದು ನನ್ನ ಮುಖ ನೋಡಿದಳು. "ಹೇಳ್ಬುಟ್ರಲ್ಲ. ನೆಳ್ಳಿಗೆ ಹೋಗ್ರಮ್ಮ, ಬಿಸ್ಲು ನಿಮಗಾಗಕ್ಕಿಲ್ಲ."

ಕೆಲವು ತಿಂಗಳಾದ ಮೇಲೆ ಅಧ್ಯಕ್ಷೆಗೆ ಷೆಡ್ಡಿನ ಮೇಲೆ ಬೇಸರ ಬಂದು, ಆಡಳಿತವೆಲ್ಲ ನನ್ನ ಕೈಗೆ ಬಂತು. ಗಿರಿಯಮ್ಮನನ್ನು ಹುಡುಕಿಸಿದೆ. ಮಗಳನ್ನು ಕರೆದುಕೊಂಡು ಆಂಧ್ರದ ಕಡೆ ಹೋದಳಂತೆ, ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ. ಸಣ್ಣಕ್ಕನನ್ನು ಮುಂದಾಳು ಮಾಡಿ, ಎಲ್ಲರೆದುರು ಹೇಳಿದೆ: "ಬಿಚ್ಚೋದು ಬಿಡೋದು ನಿನ್ನ ಮಾತು. ಕೆಟ್ಟರೆ ನನ್ನ ಹೆಸರು." ಸಣ್ಣಕ್ಕ ತಲೆಯಾಡಿಸಿದಳು.

ಮತ್ತೆ ಮೋಡ ಬಂತು. ನಾನು ಷೆಡ್ಡಿನ ಬಾಗಿಲಲ್ಲಿ ಬೇಕೆಂದೇ ಬಾಯಿ ಮುಚ್ಚಿ ನಿಂತೆ. ಸಣ್ಣಕ್ಕ ಗೂಟದ ಹತ್ತಿರ ನಿಂತು ನನ್ನನ್ನೇ ನೋಡಿದಳು. ಎರಡೂ ಕೈ ಸೆರಗಿನೊಳಗೆ. "ನಿನ್ನ ಮಾತೇ ಕಣಮ್ಮ!" ಎಂದು ಕೂಗಿದೆ. ಅವಳು ಮಿಸುಕಲಿಲ್ಲ. ದಪ್ಪ ಹನಿ ಬಿದ್ದಿತು. ಗಂಜಿ ಬಿಳಿಯ ನೀರಾಗಿ ಅವಳ ಕಾಲ್ಬೆರಳ ನಡುವೆ ಹರಿಯಿತು.

ಅಧ್ಯಕ್ಷೆ ಬಂದು ಅದೇ ಕುರ್ಚಿಯಲ್ಲಿ ಕೂತರು. "ಬರಬೇಡ ಅಂತ ಇವಳಿಗೆ ಹೇಳೋಕೆ ಈಗ ಯಾರನ್ನ ಕಳಿಸ್ತೀರಿ?" ಎಂದರು. ಅವರ ಕಣ್ಣಲ್ಲಿ ಸಂತೋಷವಿತ್ತು.

"ಕೆಟ್ಟಿದ್ದು ನನ್ನ ಹೆಸರಲ್ಲಿ, ಹೋಗೋಳೂ ನಾನೇ" ಎಂದು ಷೆಡ್ಡಿನ ಬೀಗದ ಕೈ ಅವರ ಮಡಿಲಿಗಿಟ್ಟೆ. ಸಣ್ಣಕ್ಕನನ್ನು ಅವರು ಉಳಿಸಿಕೊಂಡರು. ಹಾಸು ಮುಟ್ಟದೆ ನಿಂತವಳು ಅವರಿಗೆ ಮೆಚ್ಚಿಗೆಯಾಗಿದ್ದಳು.

ಕೆಲಸ ಒಪ್ಪಿಸುವುದೆಂದರೆ, ಅದು ಕೆಟ್ಟಾಗ ಏಟು ಯಾರಿಗೆ ಬೀಳುತ್ತದೆಂಬುದನ್ನು ಮೊದಲೇ ತೀರ್ಮಾನಿಸುವುದು. ಆ ತೀರ್ಮಾನವನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಒಮ್ಮೆಯಾದರೂ ಏಟು ತಿಂದು ತೋರಿಸಬೇಕು. ನಾನು ತೋರಿಸುವ ಹೊತ್ತಿಗೆ, ಅದನ್ನು ನೋಡಬೇಕಾಗಿದ್ದವಳು ಊರು ಬಿಟ್ಟಿದ್ದಳು.