ಹೂವಿನ ಗಾಡಿ ಎಲ್ಲಿದೆ

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಜ ಗೊಬ್ಬರದ ಅಂಗಡಿಯೊಂದರ ಮಾಳಿಗೆಯ ಮೇಲೆ ಸಣ್ಣ ಸಾಫ್ಟ್‌ವೇರ್ ಕಚೇರಿಯೊಂದಿದೆ. ಅಲ್ಲಿನ ತಂಡವನ್ನು ನಡೆಸುವವಳು ರೇಖಾ, ತಂಬ್ರಹಳ್ಳಿಯವಳು. ತಂದೆ ನಾಗೇಂದ್ರಪ್ಪ ಪಂಚಾಯಿತಿಯ ನೀರಗಂಟಿ, ತಾಯಿ ಹಂಪಮ್ಮ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾರೆ. ಹರಪನಹಳ್ಳಿಯಲ್ಲಿ ಡಿಪ್ಲೊಮಾ ಓದುವಾಗ ರೇಖಾಳ ಬಗ್ಗೆ ಮೇಷ್ಟ್ರುಗಳದು ಒಂದೇ ದೂರು: ಹುಡುಗಿ ಜಾಣೆ, ಆದರೆ ಅರ್ಧ ಹೊತ್ತು ಕಿಟಕಿಯ ಆಚೆಗೇ ಇರುತ್ತಾಳೆ. ಕೆಲಸಕ್ಕೆ ಸೇರಿದ ಮೇಲೂ ಅದು ಹೋಗಲಿಲ್ಲ. ಎದುರಿನ ಬೇವಿನ ಮರದಲ್ಲಿ ಬಿಸಿಲು ಅಲುಗಾಡುವುದನ್ನು ನೋಡುತ್ತ ಕೂತಳೆಂದರೆ ಕರೆದರೂ ಕೇಳಿಸುತ್ತಿರಲಿಲ್ಲ.

ಕಚೇರಿಯ ಮಾಲೀಕ ಕೊಟ್ರಸ್ವಾಮಿ. ಹೂವಿನಹಡಗಲಿ ಕಡೆಯ ಮಲ್ಲಿಗೆ ಬೆಳೆಗಾರರ ಸಂಘವೊಂದು ಅವರಿಗೆ ಕೆಲಸ ಕೊಟ್ಟಿತ್ತು. ಸಂಘದ ಗಾಡಿ ನಸುಕಿನಲ್ಲಿ ಊರೂರು ಸುತ್ತಿ ಹೂವು ಎತ್ತಿಕೊಳ್ಳುತ್ತದೆ. ಅದು ಯಾವಾಗ ಬರುತ್ತದೆಂದು ಗೊತ್ತಾಗದೆ ಹೆಣ್ಣುಮಕ್ಕಳು ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕಾಯುತ್ತಾರೆ. ಕಾಯುತ್ತಿರುವಾಗಲೇ ಮೊಗ್ಗು ಅರಳಿ ಬೆಲೆ ಕಳೆದುಕೊಳ್ಳುತ್ತದೆ. ಗಾಡಿ ಎಲ್ಲಿದೆ ಎಂದು ಮೊಬೈಲಿನಲ್ಲಿ ತೋರಿಸಬೇಕು, ಅದೇ ಕೆಲಸ. ಕೊಟ್ರಸ್ವಾಮಿ ಅದಕ್ಕೆ ನಕ್ಷೆ, ಬಣ್ಣ, ಹೂವಿನ ದರ, ಹವಾಮಾನ ಎಲ್ಲ ಸೇರಿಸಿ ದೊಡ್ಡದಾಗಿ ಮಾಡಿಕೊಡುತ್ತೇವೆಂದು ಮಾತು ಕೊಟ್ಟು ಬಂದಿದ್ದರು.

ಅವರು ಕೆಟ್ಟವರಲ್ಲ. ಹುಬ್ಬಳ್ಳಿಯ ತರಬೇತಿಯೊಂದರಲ್ಲಿ ಹೊಸ ಕಾಲದ ತಂಡಗಳು ಹೇಗೆ ಕೆಲಸ ಮಾಡುತ್ತವೆಂದು ಕಲಿತು ಬಂದು, ದಿನಾ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಮೂರು ಪ್ರಶ್ನೆ ಕೇಳುತ್ತಿದ್ದರು. ನಿನ್ನೆ ಏನು ಮಾಡಿದಿರಿ, ಇವತ್ತು ಏನು ಮಾಡುತ್ತೀರಿ, ಅಡಚಣೆ ಏನು? ಮೂರನೆಯದಕ್ಕೆ ಆ ಕಚೇರಿಯಲ್ಲಿ ಯಾರೂ ಉತ್ತರ ಕೊಟ್ಟಿರಲಿಲ್ಲ. ಕೈಕಟ್ಟಿ ನಿಂತ ಅವರೆದುರು ಕೋಡು ಬರೆಯುವ ಪ್ರವೀಣಕುಮಾರ್ "ಎಲ್ಲಾ ಸರಿ ಐತ್ರಿ ಸರ್" ಅನ್ನುತ್ತಿದ್ದ. ಅವನ ಕೋಡನ್ನು ಪರೀಕ್ಷಿಸಿ ತಪ್ಪು ಹುಡುಕುವ ಸುಕನ್ಯಾ ನೆಲ ನೋಡುತ್ತಿದ್ದಳು. ಹಾಜರಿ ಹಾಕಿದಂತಾಗುತ್ತಿತ್ತು, ಅಷ್ಟೆ.

ಒಂದು ದಿನ ಪ್ರವೀಣ ಬರಲಿಲ್ಲ. ಕೂಡ್ಲಿಗಿಯಿಂದ ದಿನಾ ಬಸ್ಸಿನಲ್ಲಿ ಓಡಾಡುವವನು. ಹೊತ್ತು ಏರಿದ ಮೇಲೆ ರೇಖಾಳಿಗೆ ಫೋನು ಬಂತು.

"ರೇಖಕ್ಕ, ನಾನು ಮಾಗಳದಾಗ ಅದೀನಿ."

"ಮಾಗಳ? ಅಲ್ಲಿ ಏನು ಮಾಡಾಕತ್ತೀಯಪಾ?"

"ಬಸ್ಸಿನಾಗ ನಿದ್ದಿ ಹತ್ತಿತ್ತು. ನಮ್ಮ ಸ್ಟಾಪು ದಾಟಿದ್ದು ಗೊತ್ತಾಗ್ಲಿಲ್ಲ. ಕಣ್ಣು ಬಿಟ್ರ ಹೊಳಿ."

ಅವನ ದನಿ ಎಲ್ಲೋ ನೀರಿನ ಅಡಿಯಿಂದ ಬಂದಂತಿತ್ತು. ರೇಖಾ ಸ್ಕೂಟರ್ ಹತ್ತಿದಳು.

ಮಾಗಳದಲ್ಲಿ ತುಂಗಭದ್ರೆ ಅಗಲವಾಗಿ, ಸದ್ದಿಲ್ಲದೆ ಹರಿಯುತ್ತಿತ್ತು. ಆಚೆ ದಡ ಬಿಸಿಲಿನ ಮಬ್ಬಿನಲ್ಲಿ ಇದ್ದೂ ಇಲ್ಲದಂತಿತ್ತು. ಅದೇ ಸಂಘಕ್ಕೆ ಹೂವು ಹಾಕುವ ಯಶೋಧಮ್ಮ ಎಂಬುವರ ಮಲ್ಲಿಗೆ ತೋಟದ ಬದುವಿನಲ್ಲಿ ಪ್ರವೀಣ ಗೋಣಿಚೀಲದ ಮೇಲೆ ಕೂತಿದ್ದ. "ಬಸ್ಸಿಳಿದು ದಿಕ್ಕು ತಪ್ಪಿದಾರಂಗ ನಿಂತಿದ್ದವಾ, ಚಾ ಕುಡಿಸಿ ಕುಂದ್ರಿಸೀನಿ" ಎಂದು ಹೇಳಿ ಯಶೋಧಮ್ಮ ಮತ್ತೆ ಗಿಡಗಳ ನಡುವೆ ಹೋದರು. ರೇಖಾ ಅವನ ಪಕ್ಕ ಕೂತು ಏನೂ ಕೇಳದೆ ಹೊಳೆ ನೋಡಿದಳು. ಗಾಳಿ ಒಮ್ಮೆ ನೀರಿನ ವಾಸನೆ ತರುತ್ತಿತ್ತು, ಒಮ್ಮೆ ಹೂವಿನದು. ಕೊನೆಗೆ ಪ್ರವೀಣನೇ ಬಾಯಿಬಿಟ್ಟ.

"ಆ ನಕ್ಷಾ ಕೆಲಸ ಮಾಡವಲ್ದಕ್ಕ. ಬಾಳ ದಿನಾತು. ಮನಿಗೆ ಹೋಗಿ ಕುಂತ್ರೂ ಅದ, ಮಲಗಿದ್ರೂ ಅದ."

"ದಿನಾ ಸರಿ ಐತಿ ಅಂತಿದ್ದೆಲ್ಲಪಾ?"

"ಸರ್ ಎದುರು ನಿಂತಾಗ ಬ್ಯಾರೆ ಮಾತು ಬಾಯಿಗೆ ಬರಂಗಿಲ್ಲ."

ರೇಖಾಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ದಿನಾ ಅದೇ ಕೋಣೆಯಲ್ಲಿ ಅವಳೂ ನಿಂತಿದ್ದಳಲ್ಲ. ಎದ್ದು ಹೋಗಿ, ಅಲ್ಲಿಯವರೆಗೆ ಮಾಡಿದ್ದನ್ನು ತನ್ನ ಮೊಬೈಲಿನಲ್ಲಿ ತೆರೆದು ಯಶೋಧಮ್ಮನ ಕೈಗೆ ಕೊಟ್ಟಳು. ಗಿಡಕ್ಕೆ ನೀರು ಹಾಯಿಸಿ ಒದ್ದೆಯಾಗಿದ್ದ ಬೆರಳು ಮುಟ್ಟಿದಾಗ ಪರದೆ ಎತ್ತೆತ್ತಲೋ ಜಾರಿತು. ಅವರು ಕೈಯನ್ನು ಸೆರಗಿಗೆ ಒರೆಸಿ ಮತ್ತೆ ಮುಟ್ಟಿದರು, ಮತ್ತೆ ಜಾರಿತು.

"ಚೆಂದ ಐತವಾ," ಅಂದರು ಮುಜುಗರದಿಂದ. "ಆದ್ರ ಗಾಡಿ ಹಡಗಲಿ ಬಿಟ್ಟೈತೋ ಇಲ್ಲೋ, ಅದು ಎಲ್ಲಿ ನೋಡ್ಬೇಕು?"

ಅದನ್ನು ನೋಡಲು ಬೆರಳು ಪರದೆಯ ಮೇಲೆ ಬಹಳ ದೂರ ನಡೆಯಬೇಕಿತ್ತು. ರೇಖಾ ಮತ್ತು ಪ್ರವೀಣ ಮುಖ ಮುಖ ನೋಡಿಕೊಂಡರು. ಇಷ್ಟು ತಿಂಗಳಲ್ಲಿ ತಾವು ಒಮ್ಮೆಯೂ ಇಲ್ಲಿಗೆ ಬಂದಿರಲಿಲ್ಲ ಎಂಬುದು ಇಬ್ಬರಿಗೂ ಆಗಲೇ ಹೊಳೆದದ್ದು.

ಮರಳಿ ಬಂದ ರೇಖಾ ನೇರ ಕೊಟ್ರಸ್ವಾಮಿಯವರ ಕೋಣೆಗೆ ಹೋದಳು.

"ಹೇಳಿದ್ದೆಲ್ಲಾ ಒಮ್ಮಿಗೇ ಕೊಡಾಕ ಆಗಂಗಿಲ್ರಿ ಸರ್. ಶುಕ್ರವಾರ ಒಂದು ಸಣ್ಣದು ಕೊಡೋಣ. ಮಿಸ್ಡ್ ಕಾಲ್ ಕೊಟ್ರ ಗಾಡಿ ಎಲ್ಲೈತಿ ಅಂತ ಫೋನು ತಿರುಗಿ ಹೇಳ್ಬೇಕು. ಅಷ್ಟ. ಆಮ್ಯಾಲೆ ವಾರಕ್ಕೊಂದು ಸೇರಿಸ್ಕೊಂತ ಹೋಗೋಣ."

"ಇಷ್ಟು ಸಣ್ಣದು ಕೊಟ್ರ ಜನ ನಗ್ತಾರವಾ."

"ನಗಲ್ರಿ. ಎದಕ್ಕ ನಕ್ರು ಅಂತ ಆದ್ರೂ ಗೊತ್ತಾಗ್ತೈತಿ."

ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಶುಕ್ರವಾರಕ್ಕೆ ಗುರುತು ಹಾಕಿದರು. ರೇಖಾ ಬಾಗಿಲ ತನಕ ಹೋಗಿ ತಿರುಗಿದಳು. "ಇನ್ನೊಂದು ಮಾತು ಸರ್. ಬೆಳಿಗ್ಗಿ ನೀವು ಬರೇ ಕೇಳಾಕ ನಿಲ್ಲಬ್ಯಾಡ್ರಿ. ನಿಮ್ಮ ಅಡಚಣಿನೂ ಹೇಳ್ರಿ."

ಮಾರನೆಯ ದಿನ ಕೊಟ್ರಸ್ವಾಮಿ ಕೈ ಕಟ್ಟಿರಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದವರಂತೆ ನಿಂತು ಹೇಳಿದರು: "ನನಗ ಅಂಜಿಕಿ ಐತಿ. ಸಂಘದವರು ಕೆಲಸ ವಾಪಸ್ ತಗೊಂಡ್ರ ಈ ಆಫೀಸ್ ಹೆಂಗ ನಡಸ್ಲಿ ಅಂತ. ಅದಕ್ಕ ನಿಮ್ಮ ಮ್ಯಾಲೆ ಬಿರುಸಾಗ್ತೀನಿ."

ನೆಲ ನೋಡುತ್ತಿದ್ದ ಸುಕನ್ಯಾ ತಲೆಯೆತ್ತಿದಳು. ಮೆಲ್ಲಗೆ ಅಂದಳು: "ನಂದು ಹೇಳ್ಲಾ ಸರ್? ನಾನು ತಪ್ಪು ಹುಡುಕಿ ಹೇಳಿದಾಗೆಲ್ಲ ಪ್ರವೀಣ ಮುಖ ಗಂಟು ಹಾಕ್ತಾನ. ಅದಕ್ಕ ಕೆಲವು ಹೇಳೋದ ಬಿಟ್ಟೀನಿ."

"ಹಾಕ್ತೀನಿ, ಖರೆ," ಅಂದ ಪ್ರವೀಣ. "ಎಲ್ಲಾ ಮುಗಿದ ಮ್ಯಾಲೆ ಹೇಳ್ತಿ. ಮೊದಲ ಹೇಳಿದ್ರ ಮೈ ಉರಿಯಂಗಿಲ್ಲ."

ಅವತ್ತೇ ರೇಖಾ ಇಬ್ಬರ ಮೇಜುಗಳನ್ನು ಕೂಡಿಸಿದಳು. ಅವನು ಒಂದಿಷ್ಟು ಬರೆದ ಕೂಡಲೇ ಅವಳು ಪಕ್ಕದಲ್ಲೇ ಕೂತು ನೋಡುವುದು. ಜಗಳವಾದರೆ ಆಗಲಿ, ಆದರೆ ಅದೇ ಹೊತ್ತಿಗೆ ಆಗಿ ಮುಗಿಯಲಿ. ಸಂಜೆ ಬೇವಿನ ಮರಕ್ಕೆ ಹಕ್ಕಿ ಮರಳುವ ಹೊತ್ತಿಗೆ ಎಲ್ಲರೂ ಮನೆಗೆ ಹೊರಡುವುದು.

ಮೊದಲ ಶುಕ್ರವಾರ ಕೆಟ್ಟದಾಗಿ ಸೋತರು. ಕೊಟ್ರಸ್ವಾಮಿಯೂ ಮಾಗಳಕ್ಕೆ ಬಂದಿದ್ದರು. ತಿರುಗಿ ಬಂದ ಕರೆಯಲ್ಲಿ ಕಂಪ್ಯೂಟರಿನ ದನಿ ಕೇಳಿ ಬೆಳೆಗಾರರು ಯಾವುದೋ ಜಾಹೀರಾತೆಂದು ಪಟಪಟ ಕರೆ ಕಡಿದರು. ಯಶೋಧಮ್ಮನೂ ಕಡಿದರು. ಅದು ಇವರದೇ ಕರೆಯೆಂದು ತಿಳಿದಾಗ ಬೆಳೆಗಾರರೆಲ್ಲ ನಕ್ಕುಬಿಟ್ಟರು. ವಾಪಸಾಗುವಾಗ ಜೀಪಿನಲ್ಲಿ ಮೊದಲು ನಕ್ಕವರು ಕೊಟ್ರಸ್ವಾಮಿ. "ಖರೇನ ನಕ್ಕರಲ್ಲವಾ!" ಅಂದರು. ಆ ನಗು ಎಲ್ಲರಿಗೂ ಹತ್ತಿತು.

ಮುಂದಿನ ವಾರ ಸುಕನ್ಯಾ ತನ್ನ ದನಿಯನ್ನೇ ರೆಕಾರ್ಡ್ ಮಾಡಿದಳು. "ಗಾಡಿ ಹಡಗಲಿ ಬಿಟ್ಟೈತ್ರಿ. ಮೊಗ್ಗು ಬಿಡಸ್ರಿ, ಅವಸರ ಬ್ಯಾಡ." ಕೊನೆಯ ಮಾತು ಯಾರೂ ಹೇಳಿಕೊಟ್ಟದ್ದಲ್ಲ. ತೆಗೆಯುವುದು ಬೇಡವೆಂದಳು ರೇಖಾ.

ಆ ಶುಕ್ರವಾರ ಮಂಜು ತೋಟದೊಳಗೇ ಇಳಿದಿತ್ತು. ಗಿಡ ಕಾಣುತ್ತಿರಲಿಲ್ಲ, ಬಿಳಿ ಮೊಗ್ಗುಗಳು ಮಾತ್ರ ಗಾಳಿಯಲ್ಲಿ ನಿಂತಂತಿದ್ದವು. ರೇಖಾ ಬದುವಿನ ಮೇಲೆ ಕಾಯುತ್ತಿದ್ದಳು. ಒಂದು ಕಡೆ ಫೋನು ರಿಂಗಾಯಿತು, ಸ್ಪೀಕರಿನಲ್ಲಿ ಸುಕನ್ಯಾಳ ದನಿ ಕೇಳಿತು. ದೂರದ ತೋಟದಲ್ಲಿ ಇನ್ನೊಂದು, ಅದರಾಚೆ ಮತ್ತೊಂದು. ಹೊಳೆಯುದ್ದಕ್ಕೂ ಮಂಜಿನೊಳಗಿಂದ ಒಬ್ಬಳೇ ಹುಡುಗಿ ಅಲ್ಲಲ್ಲಿ ನಿಂತು ಮೆಲ್ಲಗೆ ಮಾತನಾಡಿದಂತೆ. ಯಾರೂ ಕರೆ ಕಡಿಯಲಿಲ್ಲ. ಪಕ್ಕದಲ್ಲಿದ್ದ ಸುಕನ್ಯಾ ಕೈಯಿಂದ ಬಾಯಿ ಮುಚ್ಚಿಕೊಂಡಳು. ಪ್ರವೀಣ ಕಣ್ಣು ಮುಚ್ಚಿ ಕೇಳುತ್ತಿದ್ದ.

ನಕ್ಷೆ ಆಮೇಲೂ ಬರಲಿಲ್ಲ. ಯಾರೂ ಕೇಳಲೂ ಇಲ್ಲ. ಹೂವಿನ ದರ ಮಾತ್ರ ಕೆಲವು ವಾರ ಕಳೆದು ಅದೇ ಕರೆಗೆ ಸೇರಿತು. ಈಗ ಹಲವಾಗಲು ಕಡೆಯ ಬೆಳೆಗಾರರೂ ಇದು ತಮ್ಮೂರಿಗೆ ಬೇಕೆಂದಿದ್ದಾರೆ. ಕಚೇರಿಯಲ್ಲಿ ಜಗಳ ನಿಂತಿಲ್ಲ. ಬೆಳಗಿನ ಮಾತು ಕೆಲವೊಮ್ಮೆ ಮೂರನೆಯ ಪ್ರಶ್ನೆಯಲ್ಲೇ ಮುಗಿದುಹೋಗುತ್ತದೆ. ಮೊನ್ನೆ ಸುಕನ್ಯಾ ಮಾಗಳದಲ್ಲಿ ಬಸ್ಸಿಳಿದು ಒಬ್ಬ ಮುದುಕಿಯ ಹತ್ತಿರ ದಾರಿ ಕೇಳಿದಾಗ ಆಕೆ ಆ ದನಿಗೆ ತಲೆಯೆತ್ತಿ, ದಾರಿ ಹೇಳುವುದು ಬಿಟ್ಟು ಅವಳ ಮುಖವನ್ನೇ ನೋಡಿದಳಂತೆ.

"ಅವ್ವಾ, ನೀನು ಗಾಡಿ ಹುಡುಗಿ ಅಲ್ಲೇನು?" ಅಂದು ಮಡಿಲಿನಿಂದ ಒಂದು ಹಿಡಿ ಮೊಗ್ಗು ತೆಗೆದು ಅವಳ ಕೈಗೆ ಸುರಿದಳಂತೆ.